ಮಗನ ಬದಲಿಗೆ ಕುದುರೆ

ಗ್ರೀಕರ ಒಂದು ಹಳೇ ಕತೆಯಲ್ಲಿ ದೇವರು ಒಬ್ಬ ಅಪ್ಪನ ಮಗನನ್ನು ಎತ್ತಿಕೊಂಡು ಹೋಗಿ, ಬದಲಿಗೆ ಕುದುರೆ ಕೊಡುತ್ತಾನೆ.

ಅಪ್ಪ ಟ್ರೋಸ್, ಟ್ರಾಯ್ ಸೀಮೆಯ ಅರಸ. ಮಗ ಗ್ಯಾನಿಮೀಡ್. ಮನುಷ್ಯರಲ್ಲಿ ಅವನಷ್ಟು ಚೆಂದದ ಹುಡುಗ ಇನ್ನೊಬ್ಬ ಇರಲಿಲ್ಲವಂತೆ. ಆ ಚೆಂದಕ್ಕೆ ಮನಸೋತ ದೇವತೆಗಳ ರಾಜ ಝ್ಯೂಸ್ ಅವನನ್ನು ಒಲಿಂಪಸ್ ಬೆಟ್ಟಕ್ಕೆ ಒಯ್ದು, ದೇವತೆಗಳ ಬಟ್ಟಲಿಗೆ ಪಾನೀಯ ಸುರಿಯುವ ಕೆಲಸಕ್ಕೆ ಇಟ್ಟುಕೊಂಡ. ಗ್ರೀಕ್ ಕವಿ ಹೋಮರನ ಹೆಸರಿನಲ್ಲಿ ಉಳಿದು ಬಂದಿರುವ ಸ್ತೋತ್ರಗಳಲ್ಲಿ ಒಂದರಲ್ಲಿ ಪ್ರೇಮದ ದೇವಿ ಅಫ್ರೊಡೈಟಿಯೇ ಈ ಕತೆ ಹೇಳುತ್ತಾಳೆ. ದೈವದ ಸುಂಟರಗಾಳಿ ಬಂದು ಹುಡುಗನನ್ನು ಹೊತ್ತುಕೊಂಡು ಹೋಯಿತು. ಎಲ್ಲಿಗೆ ಹೋಯಿತು ಅಂತ ಅಪ್ಪನಿಗೆ ಗೊತ್ತಿಲ್ಲ. ಅವನು ಅಳುತ್ತಲೇ ಇದ್ದ. ಒಂದು ದಿನ, ಎರಡು ದಿನ ಅಲ್ಲ, ಬಿಡದೆ ಅಳುತ್ತಿದ್ದ. ಕೊನೆಗೆ ಝ್ಯೂಸ್‌ಗೆ ಕನಿಕರ ಬಂತು. ದೇವತೆಗಳನ್ನು ಹೊರುವಂಥ, ಕಾಲೆತ್ತಿ ಹಾಕುವ ಕುದುರೆಗಳನ್ನು ಕಳಿಸಿಕೊಟ್ಟ. ಜೊತೆಗೆ ದೂತ ಹರ್ಮೀಸ್ ಬಂದು ಹೇಳಿದ: ನಿನ್ನ ಮಗನಿಗೆ ಇನ್ನು ಸಾವಿಲ್ಲ, ಮುಪ್ಪೂ ಇಲ್ಲ. ಅದನ್ನು ಕೇಳಿ ಟ್ರೋಸ್ ಅಳುವುದನ್ನು ನಿಲ್ಲಿಸಿದ. ಸಂತೋಷದಿಂದ ಕುದುರೆ ಓಡಿಸಿಕೊಂಡು ಹೋದ.

ಇಷ್ಟೇ ಕತೆ. ಮೊದಲ ಸಲ ಓದಿದಾಗಲೇ ನನಗೆ ಆ ಕೊನೆಯ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಸಂತೋಷದಿಂದ ಹೋದನಂತೆ! ಹಾಗಂತ ಹೇಳುತ್ತಿರುವವಳು ಯಾರು? ಒಬ್ಬ ದೇವಿ. ಯಾರ ಮುಂದೆ? ತಾನು ಈಗಷ್ಟೇ ಕೂಡಿದ ಒಬ್ಬ ಮನುಷ್ಯನ ಮುಂದೆ, ನಿಮ್ಮ ವಂಶದ ಮೇಲೆ ದೇವತೆಗಳಿಗೆ ಮೊದಲಿನಿಂದಲೂ ಪ್ರೀತಿ ಅಂತ ಅವನನ್ನು ಒಪ್ಪಿಸಲಿಕ್ಕೆ. ಮಗನನ್ನು ಕಳೆದುಕೊಂಡವನ ಬಾಯಿಂದ ಒಂದು ಮಾತೂ ಬಂದಿಲ್ಲ. ತಾಯಿಯ ವಿಷಯವಂತೂ ಎತ್ತಲೇ ಇಲ್ಲ. ಅವಳ ಹೆಸರು ಕಲ್ಲಿರ್ಹೊಯಿ ಅಂತ ಬೇರೆ ಕಡೆ ಸಿಗುತ್ತದೆ. ಆದರೆ ಈ ಕತೆಯಲ್ಲಿ ಅವಳು ಅಳುವುದಕ್ಕೂ ಬರುವುದಿಲ್ಲ.

ಟ್ರಾಯ್ ಯುದ್ಧದ ಕತೆ ಹೇಳುವ ಇಲಿಯಡ್ ಕಾವ್ಯದಲ್ಲಿ ಇನ್ನೂ ಕಷ್ಟ. ಅಲ್ಲಿ ಡಯೊಮಿಡೀಸ್ ಎಂಬ ವೀರ ಯುದ್ಧದ ನಡುವೆ ಎದುರಾಳಿಯ ಕುದುರೆಗಳನ್ನು ಕಂಡು ಆಸೆಪಡುತ್ತಾನೆ. ಇವು ಸಾಮಾನ್ಯ ಕುದುರೆಗಳಲ್ಲ, ಗ್ಯಾನಿಮೀಡ್‌ಗೆ ಬದಲಾಗಿ ಝ್ಯೂಸ್ ಕೊಟ್ಟ ತಳಿ ಅನ್ನುತ್ತಾನೆ. ಹುಡುಗನ ನೆನಪು ಬರುವುದು ಕುದುರೆಯ ಬೆಲೆ ಹೇಳುವಾಗ ಮಾತ್ರ. ಆ ಕುದುರೆಗಳಿಂದ ಮನೆಗೆ ಒಳ್ಳೆಯದೂ ಆಗಲಿಲ್ಲ. ಟ್ರೋಸ್‌ನ ಮೊಮ್ಮಗ ಲವೊಮಿಡಾನ್ ಅವನ್ನು ಮಹಾಬಲಶಾಲಿ ಹೆರಾಕ್ಲಿಸ್‌ಗೆ ಕೊಡುತ್ತೇನೆಂದು ಹೇಳಿ ಮಾತು ತಪ್ಪಿದ. ಹೆರಾಕ್ಲಿಸ್ ಬಂದು ಊರನ್ನೇ ಸೂರೆ ಮಾಡಿದ. ಲವೊಮಿಡಾನ್‌ನ ಮಗ ಪ್ರಯಮ್, ಮಗ ಹೆಕ್ಟರ್‌ನ ಹೆಣ ಬೇಡಲಿಕ್ಕೆ ಕೊಂದವನ ಕೈಗೇ ಮುತ್ತಿಟ್ಟ ಅದೇ ಪ್ರಯಮ್. ಒಂದೇ ವಂಶದಲ್ಲಿ ಮಕ್ಕಳನ್ನು ಕಳೆದುಕೊಂಡ ಅಪ್ಪಂದಿರು ಎಷ್ಟು ಜನ ನೋಡಿ.

ಹದ್ದು ಈ ಕತೆಯೊಳಗೆ ಬಂದದ್ದು ಆಮೇಲೆ. ಸುಂಟರಗಾಳಿಯ ಜಾಗದಲ್ಲಿ ಝ್ಯೂಸ್‌ನ ಹದ್ದು, ಕೆಲವು ಕಡೆ ಹದ್ದಿನ ರೂಪದಲ್ಲಿ ಝ್ಯೂಸ್‌ನೇ. ಚಿತ್ರಗಾರರಿಗೆ ಇದು ಅನುಕೂಲವಾಯಿತು, ಗಾಳಿಯನ್ನು ಬರೆಯುವುದಕ್ಕಿಂತ ಹದ್ದನ್ನು ಬರೆಯುವುದು ಸುಲಭ ಅಲ್ವಾ. ಇಟಲಿಯ ಕಲಾವಿದ ಮೈಕೆಲಾಂಜೆಲೊ 1530ರ ದಶಕದ ಮೊದಲಲ್ಲಿ ಒಬ್ಬ ಗೆಳೆಯನಿಗೆ ಉಡುಗೊರೆಯಾಗಿ ಗ್ಯಾನಿಮೀಡ್‌ನ ಚಿತ್ರ ಬರೆದುಕೊಟ್ಟ. ಅದರಲ್ಲಿ ತುಂಬು ಪ್ರಾಯದ ಯುವಕ ಹದ್ದಿನ ರೆಕ್ಕೆಗಳ ಮೇಲೆ ಒರಗಿಕೊಂಡು ತೇಲುತ್ತಾನೆ. ಸುಮಾರು ಅದೇ ಕಾಲಕ್ಕೆ ಇಟಲಿಯವನೇ ಆದ ಕೊರೆಜ್ಜೊ ಬರೆದ ವರ್ಣಚಿತ್ರ ಈಗ ವಿಯೆನ್ನಾದಲ್ಲಿದೆ. ಅದರಲ್ಲಿ ಹುಡುಗ ಹದ್ದನ್ನು ತಾನೇ ತಬ್ಬಿಕೊಂಡು ನಮ್ಮ ಕಡೆ ತಿರುಗಿ ನೋಡುತ್ತಾನೆ. ಮುಖದಲ್ಲಿ ಭಯ ಇಲ್ಲ. ಕೆಳಗೆ ನೆಲದ ಮೇಲೆ ಒಂದು ಬಿಳಿ ನಾಯಿ ಮಾತ್ರ ಮೇಲೆ ನೋಡುತ್ತಾ ಕಂಗಾಲಾಗಿದೆ. ಆ ನಾಯಿ ರೋಮಿನ ಕವಿ ವರ್ಜಿಲ್‌ನಿಂದ ಬಂದದ್ದು. ಅವನ ಕಾವ್ಯದಲ್ಲಿ ಮುದಿ ಕಾವಲುಗಾರರು ನಕ್ಷತ್ರಗಳ ಕಡೆ ಸುಮ್ಮನೆ ಕೈ ಚಾಚುತ್ತಾರೆ, ನಾಯಿಗಳು ಗಾಳಿಗೆ ಬೊಗಳುತ್ತವೆ. ದುಃಖಪಡಲಿಕ್ಕೆ ಕೆಳಗೆ ಉಳಿದವರು ಆಳುಗಳು, ನಾಯಿಗಳು. ಹೆತ್ತವರು ಅಲ್ಲೂ ಇಲ್ಲ.

ಈಗ ಹಾಲೆಂಡಿನ ಚಿತ್ರಗಾರ ರೆಂಬ್ರಾಂಟ್ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹೇಳಿದ್ದು ಅವನಿಗಾಗಿಯೇ.

1635ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ರೆಂಬ್ರಾಂಟ್ ಗ್ಯಾನಿಮೀಡ್‌ನನ್ನು ಬರೆದ. ಅವನಿಗಾಗ 29 ವರ್ಷ. ಆ ದೊಡ್ಡ ವರ್ಣಚಿತ್ರ ಈಗ ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ, ಆಳೆತ್ತರದ್ದು. ನೋಡಿದವರು ಮರೆಯುವುದಿಲ್ಲ. ಅದರಲ್ಲಿ ಚೆಲುವ ಯುವಕ ಇಲ್ಲ. ಒಂದು ದುಂಡು ದುಂಡಾದ ಪುಟ್ಟ ಮಗು ಇದೆ. ಕಪ್ಪು ಹದ್ದು ಕೊಕ್ಕಿನಲ್ಲಿ, ಉಗುರಿನಲ್ಲಿ ಅದರ ಬಟ್ಟೆ, ತೋಳು ಎಲ್ಲ ಕಚ್ಚಿ ಎಳೆಯುತ್ತಿದೆ. ಅಂಗಿ ಮೇಲಕ್ಕೆ ಸರಿದು ಕುಂಡೆ, ತೊಡೆ ಎಲ್ಲ ಕಾಣುತ್ತಿದೆ. ಮಗುವಿನ ಒಂದು ಕೈಯಲ್ಲಿ ಚೆರ್ರಿ ಹಣ್ಣು. ತಿನ್ನುತ್ತಿದ್ದದ್ದು ಇರಬೇಕು, ಇನ್ನೂ ಬಿಟ್ಟಿಲ್ಲ. ಮುಖ ಕಿವುಚಿ ಬಾಯಿಬಿಟ್ಟು ಅಳುತ್ತಿದೆ. ಹೆದರಿ ಉಚ್ಚೆ ಹೊಯ್ದುಕೊಂಡಿದೆ, ಆ ಧಾರೆಯನ್ನೂ ಬರೆದಿದ್ದಾನೆ. ಇದನ್ನು ನೋಡಿದ ಮೇಲೆ ದೇವರು ಒಲಿದು ಕರೆದೊಯ್ದ ಅಂತ ಹೇಳಲಿಕ್ಕೆ ಬಾಯಿ ಬರುವುದಿಲ್ಲ. ಮಗುವನ್ನು ಕದ್ದಿದ್ದಾರೆ, ಅಷ್ಟೇ.

ಆದರೆ ನಾನು ಜಾಸ್ತಿ ಹೊತ್ತು ನೋಡುವುದು ಈ ವರ್ಣಚಿತ್ರವನ್ನಲ್ಲ. ಇದಕ್ಕೆ ಮುಂಚೆ ಅವನು ಕಾಗದದ ಮೇಲೆ ಬರೆದ ರೇಖಾಚಿತ್ರವನ್ನು. ಅದೂ ಡ್ರೆಸ್ಡೆನ್‌ನಲ್ಲೇ ಇದೆ. ಸುಮಾರು 18 ಸೆಂ.ಮೀ. ಎತ್ತರದ ಚಿಕ್ಕ ಹಾಳೆ. ಪೆನ್ನು, ಕಂದು ಮಸಿ, ಅದೇ ಮಸಿಗೆ ನೀರು ಬೆರೆಸಿ ಕುಂಚದಿಂದ ಬಳಿದ ನೆರಳು. ಬೇರೆ ಏನೂ ಇಲ್ಲ. ರೆಂಬ್ರಾಂಟ್‌ನ ಪೆನ್ನು ಈ ವರ್ಷಗಳಲ್ಲಿ ತುಂಬ ಅವಸರದ್ದು. ಹದ್ದಿನ ರೆಕ್ಕೆ, ಮಗುವಿನ ಬಟ್ಟೆ ಎಲ್ಲ ಸುತ್ತಿ ಸುತ್ತಿ ಎಳೆದ ಗೆರೆಗಳು. ಮಗು ತೂಗಾಡುತ್ತಿದೆ, ಭಾರ ಕೆಳಕ್ಕೆ ಜಗ್ಗುತ್ತಿದೆ. ಮೈತುಂಬಿದ ಮಗುವನ್ನು ಕಂಕುಳಲ್ಲಿ ಹಿಡಿದು ಎತ್ತಿದವರಿಗೆ ಆ ಭಾರ ಗೊತ್ತು.

ಕೆಳಗಡೆ, ಹಾಳೆಯ ಮೂಲೆಯಲ್ಲಿ, ಇಬ್ಬರಿದ್ದಾರೆ. ಅಪ್ಪ, ಅಮ್ಮ.

ಒಬ್ಬೊಬ್ಬರಿಗೂ ಕೆಲವೇ ಗೆರೆ. ಮುಖದ ವಿವರ ಇಲ್ಲ ಅಂದರೂ ಆದೀತು. ತಾಯಿಯ ಎರಡೂ ಕೈ ಮೇಲಕ್ಕೆ ಹೋಗಿವೆ. ಪ್ರಾರ್ಥನೆಗೆ ಎತ್ತಿದ ಕೈಗಳಲ್ಲ ಅವು. ಬೀಳುವುದನ್ನು ಹಿಡಿಯಲಿಕ್ಕೆ ಚಾಚಿದ ಕೈ, ಕೊಡು ಅಂತ ಕೇಳುವ ಕೈ. ತಂದೆ ಏನೋ ಒಂದು ಉದ್ದನೆಯದನ್ನು ಆಕಾಶದ ಕಡೆ ಹಿಡಿದಿದ್ದಾನೆ. ಆ ನಾಲ್ಕಾರು ಗೆರೆಗಳ ಬಗ್ಗೆ ಕಲೆಯ ಇತಿಹಾಸ ಓದಿದವರು ಒಂದೇ ಮಾತು ಹೇಳುವುದಿಲ್ಲ. ಹದ್ದಿಗೆ ಗುರಿ ಇಡುತ್ತಿದ್ದಾನೆ ಅನ್ನುವವರಿದ್ದಾರೆ. ದೂರದರ್ಶಕ ಹಿಡಿದು ನೋಡುತ್ತಿದ್ದಾನೆ ಅನ್ನುವವರಿದ್ದಾರೆ.

ದೂರದರ್ಶಕ ಅನ್ನುವುದು ಮೊದಲು ಕೇಳಿದರೆ ವಿಚಿತ್ರ. ಟ್ರಾಯ್‌ನ ಅರಸನಿಗೆ ದೂರದರ್ಶಕ ಎಲ್ಲಿಂದ ಬರಬೇಕು? ಆದರೆ ರೆಂಬ್ರಾಂಟ್‌ನ ನಾಡಿಗೆ ಅದು ಮನೆಯದೇ ವಸ್ತು. 1608ರಲ್ಲಿ ಮಿಡ್ಡೆಲ್‌ಬುರ್ಖ್ ಊರಿನ ಕನ್ನಡಕದ ಕಸುಬಿನ ಹಾನ್ಸ್ ಲಿಪ್ಪರ್‌ಹೇ ಹೇಗ್ ನಗರಕ್ಕೆ ಬಂದು ಅದಕ್ಕೆ ಪೇಟೆಂಟ್ ಕೇಳಿದ್ದ. ಮುಂದೆ 1610ರಲ್ಲಿ ಗೆಲಿಲಿಯೊ ಅಂಥದೇ ಕೊಳವೆಯಿಂದ ಗುರುಗ್ರಹದ ಸುತ್ತ ನಾಲ್ಕು ಚಂದ್ರರನ್ನು ಕಂಡ. ಜರ್ಮನಿಯ ಸಿಮೋನ್ ಮಾರಿಯಸ್ 1614ರಲ್ಲಿ ಆ ಚಂದ್ರರಿಗೆ ಹೆಸರು ಸೂಚಿಸಿದ. ಗುರುಗ್ರಹ ಅಂದರೆ ಅವರಿಗೆ ಜುಪಿಟರ್, ಅಂದರೆ ಝ್ಯೂಸ್‌ನೇ. ಹಾಗಾಗಿ ಝ್ಯೂಸ್ ಮರುಳಾಗಿ ಎಳೆದುಕೊಂಡವರ ಹೆಸರುಗಳನ್ನೇ ಇಟ್ಟ. ಅವುಗಳಲ್ಲಿ ಒಂದು ಗ್ಯಾನಿಮೀಡ್. ಸೌರವ್ಯೂಹದಲ್ಲೇ ಅತಿ ದೊಡ್ಡ ಉಪಗ್ರಹ ಅದು. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಕಳಿಸಿದ ನೌಕೆ ಈಗ ಅದರ ಕಡೆಗೇ ಹೊರಟಿದೆ. ಆ ಚಂದ್ರನಿಗೆ ಹೆಸರಿಡುವುದಕ್ಕೂ ಎಷ್ಟೋ ಮುಂಚೆಯೇ, ಗ್ಯಾನಿಮೀಡ್ ಆಕಾಶದಲ್ಲಿ ಕುಂಭ ರಾಶಿಯಾದ ಅನ್ನುವ ಕತೆ ರೋಮನ್ನರ ಕಾಲದಿಂದ ಇತ್ತು. ಆ ನೀರಿನ ರಾಶಿಗೂ ವರ್ಣಚಿತ್ರದ ಮಗುವಿನ ಉಚ್ಚೆಗೂ ನಂಟು ಹಾಕಿದ ಪಂಡಿತರೂ ಇದ್ದಾರೆ.

ಇರಲಿ. ಗುರಿ ಇಟ್ಟಿದ್ದಾನೋ, ಹುಡುಕುತ್ತಿದ್ದಾನೋ, ಎರಡರಲ್ಲೂ ನನಗೆ ಒಂದೇ ಅಪ್ಪ ಕಾಣುತ್ತಾನೆ. ಕೈಲಾಗದು ಅಂತ ಗೊತ್ತಿದ್ದರೂ ಏನಾದರೂ ಮಾಡಲೇಬೇಕು ಅನ್ನುವ ಅಪ್ಪ. ತಾಯಿ ಬರಿಗೈ ಚಾಚುತ್ತಾಳೆ, ತಂದೆ ಕೈಗೆ ಸಿಕ್ಕ ಸಾಮಾನು ಹಿಡಿದುಕೊಳ್ಳುತ್ತಾನೆ. ಆಸ್ಪತ್ರೆಯ ಹೊರಗೆ ಇಂಥ ದಂಪತಿಗಳನ್ನು ನಾವೆಲ್ಲ ನೋಡಿದ್ದೇವೆ. ಅವಳು ಗೋಡೆ ಹಿಡಿದು ನಿಂತಿರುತ್ತಾಳೆ. ಅವನು ಫೈಲು ಹಿಡಿದುಕೊಂಡು ಒಂದು ಕೌಂಟರಿನಿಂದ ಇನ್ನೊಂದು ಕೌಂಟರಿಗೆ ಓಡುತ್ತಿರುತ್ತಾನೆ. ಆ ಚಿಕ್ಕ ಹಾಳೆಯಲ್ಲಿ, ಮುಖವೇ ಬರೆಯದೆ, ರೆಂಬ್ರಾಂಟ್ ಇದನ್ನು ಹಿಡಿದಿದ್ದಾನೆ. ಸಾವಿರಕ್ಕೂ ಹೆಚ್ಚು ವರ್ಷ ಬರೀ ಆಳುಗಳು, ನಾಯಿಗಳು ನಿಂತಿದ್ದ ಜಾಗಕ್ಕೆ ಹೆತ್ತವರನ್ನು ಕರೆತಂದಿದ್ದಾನೆ.

ಇಲ್ಲಿ ಒಂದು ಎಚ್ಚರ ಬೇಕು. ರೆಂಬ್ರಾಂಟ್‌ನ ಬದುಕು ಸ್ವಲ್ಪ ಗೊತ್ತಿದ್ದವರು ತಕ್ಷಣ ಹೇಳುವುದು: ಪಾಪ, ಅವನೂ ಮಕ್ಕಳನ್ನು ಕಳೆದುಕೊಂಡವನು, ಅದಕ್ಕೇ ಹೀಗೆ ಬರೆದ. ಕಳೆದುಕೊಂಡದ್ದು ನಿಜ. ಅವನೂ ಸಾಸ್ಕಿಯಾಳೂ ಮದುವೆಯಾದದ್ದು 1634ರಲ್ಲಿ. ಮೊದಲ ಮಗ ರುಂಬಾರ್ಟುಸ್, ಸಾಸ್ಕಿಯಾಳ ಅಪ್ಪನ ಹೆಸರು ಇಟ್ಟದ್ದು. ಆಮ್ಸ್ಟರ್‌ಡ್ಯಾಮ್‌ನ ಔಡೆ ಕೆರ್ಕ್ ಚರ್ಚಿನಲ್ಲಿ ಅವನಿಗೆ ದೀಕ್ಷಾಸ್ನಾನ ಆದದ್ದು 1635ರ ಡಿಸೆಂಬರ್ 15ರಂದು. ಎರಡು ತಿಂಗಳಿಗೆ ಮಗು ಹೋಯಿತು. 1636ರ ಫೆಬ್ರವರಿಯಲ್ಲಿ ಝೌಡರ್‌ಕೆರ್ಕ್ ಚರ್ಚಿನಲ್ಲಿ ಮಣ್ಣು ಮಾಡಿದರು. 1638ರಲ್ಲಿ ಹುಟ್ಟಿದ ಮಗಳು ಕಾರ್ನೇಲಿಯಾ ಕೆಲವು ವಾರ ಬದುಕಿದಳು. 1640ರಲ್ಲಿ ಇನ್ನೊಬ್ಬ ಮಗಳು ಹುಟ್ಟಿದಾಗ ಅದೇ ಹೆಸರು ಇಟ್ಟರು. ಅವಳೂ ಉಳಿಯಲಿಲ್ಲ. 1641ರಲ್ಲಿ ಟಿಟುಸ್ ಹುಟ್ಟಿದ, ಅವನು ಬದುಕಿದ. ಆದರೆ ಮರುವರ್ಷ ಜೂನ್‌ನಲ್ಲಿ ಸಾಸ್ಕಿಯಾಳೇ ಹೋದಳು.

ಆದರೆ ತಾರೀಕು ನೋಡಿ. ಗ್ಯಾನಿಮೀಡ್ ಚಿತ್ರದ ಮೇಲೆ ಇರುವುದು 1635. ರುಂಬಾರ್ಟುಸ್ ಸತ್ತದ್ದು 1636ರಲ್ಲಿ. ಅಂದರೆ ಚಿತ್ರ ಬರೆದಾಗ ರೆಂಬ್ರಾಂಟ್ ಮಗನನ್ನು ಕಳೆದುಕೊಂಡ ಅಪ್ಪ ಅಲ್ಲ. ಹೆಂಡತಿ ಬಸುರಿ, ಇಲ್ಲವೇ ಮಗು ಆಗಷ್ಟೇ ಕೈಗೆ ಬಂದಿದೆ. ಅದೇ ಸಮಯಕ್ಕೆ, 1635-36ರಲ್ಲಿ, ಆ ನಾಡಿನ ಊರುಗಳಲ್ಲಿ ಪ್ಲೇಗ್ ಬೇರೆ ಹಬ್ಬಿತ್ತು. ದುಃಖ ಬಂದ ಮೇಲೆ ಬರೆದ ಚಿತ್ರ ಇದಲ್ಲ, ಬರುವ ಮೊದಲೇ ಬರೆದದ್ದು. ನನಗೆ ಇದು ಇನ್ನೂ ಗಟ್ಟಿ ಅನಿಸುತ್ತದೆ. ಮಗು ಕಳೆದುಕೊಂಡವರಿಗೆ ಮಾತ್ರ ಆ ಎತ್ತಿದ ಕೈ ಅರ್ಥವಾಗುತ್ತದೆ ಅಂತೇನಿಲ್ಲ. ಮಗುವನ್ನು ಕಾಯುತ್ತಿರುವವರಿಗೂ ಆ ಭಯ ಗೊತ್ತು. ರಾತ್ರಿ ಎದ್ದು, ತೊಟ್ಟಿಲಿಗೆ ಬಗ್ಗಿ, ಉಸಿರಾಡುತ್ತಿದೆಯಾ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡದ ತಂದೆ ತಾಯಿ ಯಾರಿದ್ದಾರೆ?

ಅವನಿಗೆ ಮಕ್ಕಳ ಮೈ, ಮಕ್ಕಳ ಅಳು ಎಷ್ಟು ಗೊತ್ತಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಇದೆ. ಯಾನ್ ವಾನ್ ಡ ಕಾಪೆಲ್ಲೆ ಅಂತ ಸಮುದ್ರದ ಚಿತ್ರ ಬರೆಯುತ್ತಿದ್ದ ಕಲಾವಿದನೊಬ್ಬ ಆಮ್ಸ್ಟರ್‌ಡ್ಯಾಮ್‌ನಲ್ಲಿದ್ದ. ಅವನು ತೀರಿಕೊಂಡ ಮೇಲೆ 1680ರಲ್ಲಿ ಮನೆಯ ಸಾಮಾನಿನ ಪಟ್ಟಿ ಮಾಡಿದಾಗ ರೆಂಬ್ರಾಂಟ್‌ನ ರೇಖಾಚಿತ್ರಗಳ ಒಂದು ಕಟ್ಟು ಸಿಕ್ಕಿತು. ಹೆಂಗಸರು ಮತ್ತು ಮಕ್ಕಳ ಬದುಕಿನ ಚಿತ್ರಗಳು ಅಂತ ಪಟ್ಟಿಯಲ್ಲಿ ಬರೆದಿದ್ದಾರೆ. ಎಷ್ಟು? 135. ಹಾಲು ಕುಡಿಸುವವರು, ಎತ್ತಿಕೊಂಡು ಮೆಟ್ಟಿಲಿಳಿಯುವವರು, ನಡೆಯಲು ಕಲಿಸುವವರು. ಇವುಗಳನ್ನು ಯಾರೂ ಹೇಳಿ ಬರೆಸಿದ್ದಲ್ಲ. ದಿನಾ ಕಣ್ಣಿಗೆ ಬಿದ್ದದ್ದನ್ನು ಕೈಗೆ ಬಂದ ಹಾಗೆ ಬರೆದದ್ದು.

ಬರ್ಲಿನ್‌ನಲ್ಲಿ ಸುಮಾರು 1635ರದ್ದೇ ಒಂದು ರೇಖಾಚಿತ್ರ ಇದೆ, ತುಂಟ ಹುಡುಗ ಅಂತ ಕರೆಯುತ್ತಾರೆ. ಒಬ್ಬ ಹೆಂಗಸು ರಚ್ಚೆ ಹಿಡಿದ ಮಗುವನ್ನು ಎತ್ತಿಕೊಂಡು ಒಳಗೆ ಹೋಗಲು ನೋಡುತ್ತಿದ್ದಾಳೆ. ಮಗು ಬೆನ್ನು ಬಾಗಿಸಿ, ಕಾಲು ಝಾಡಿಸಿ, ಕಿರುಚುತ್ತಿದೆ. ಒಂದು ಚಪ್ಪಲಿ ಕಾಲಿನಿಂದ ಕಳಚಿ ಬೀಳುತ್ತಿದೆ. ಅಂಗಿ ಮೇಲೆ ಸರಿದಿದೆ. ಹಿಂದೆ ಒಬ್ಬ ಮುದುಕಿ ಬೆರಳು ತೋರಿಸಿ ಗದರುತ್ತಿದ್ದಾಳೆ. ಅವಳ ಹಿಂದಿನಿಂದ ಮಕ್ಕಳು ಇಣುಕಿ ನೋಡುತ್ತಿದ್ದಾರೆ. ಈ ಮಗುವನ್ನು ಗ್ಯಾನಿಮೀಡ್ ಪಕ್ಕ ಇಟ್ಟು ನೋಡಿ. ಅದೇ ಕಿವುಚಿದ ಮುಖ, ಅದೇ ಜಗ್ಗಾಡುವ ಮೈ. ಹೆಂಗಸಿನ ಕೈ ಇದ್ದ ಕಡೆ ಹದ್ದಿನ ಉಗುರು ಬಂದಿದೆ. ರೆಂಬ್ರಾಂಟ್ ಗ್ಯಾನಿಮೀಡ್‌ನನ್ನು ಗ್ರೀಸಿನಿಂದ ತರಲಿಲ್ಲ, ಪಕ್ಕದ ಮನೆಯ ಬಾಗಿಲಿನಿಂದ ತಂದ. ಬರೋಕ್ ಅಂತ ಕರೆಯುವ ಆ ಕಾಲದ ದೊಡ್ಡ ದೊಡ್ಡ ಚಿತ್ರಗಾರರು ಪುರಾಣ ಬರೆಯುವಾಗ ಮೈಮಾಟ, ರೇಷ್ಮೆ, ಮೋಡ ಎಲ್ಲ ತುಂಬುತ್ತಿದ್ದರು. ಅದರಲ್ಲೂ ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಕಳಚಿ ಬೀಳುವ ಚಪ್ಪಲಿಯನ್ನು ನೋಡಿದವನ ಪುರಾಣ ಬೇರೆಯೇ ಆಗುತ್ತದೆ.

ಈ ಕತೆಗೆ ಆ ಕಾಲದಲ್ಲಿ ಒಂದು ಧಾರ್ಮಿಕ ಅರ್ಥವೂ ಇತ್ತು. ಚಿತ್ರಗಾರರಿಗಾಗಿ ದಪ್ಪ ಪುಸ್ತಕ ಬರೆದ ಕಾರೆಲ್ ವಾನ್ ಮಾಂಡರ್ 1604ರಲ್ಲೇ ಇದನ್ನು ಹೇಳಿದ್ದ. ಗ್ಯಾನಿಮೀಡ್ ಅಂದರೆ ಮೈಯ ಆಸೆಗಳ ಕೊಳೆ ತಾಗದ ಮನುಷ್ಯನ ಆತ್ಮ, ದೇವರು ಅದನ್ನು ತನ್ನ ಹತ್ತಿರ ಸೆಳೆದುಕೊಳ್ಳುತ್ತಾನೆ ಅಂತ. ಈ ಅರ್ಥ ಹಿಡಿದರೆ ಚಿಕ್ಕ ಮಗುವನ್ನು ಬರೆದದ್ದೂ ಸರಿಹೋಗುತ್ತದೆ. ಮಗುವಿನಷ್ಟು ಚೊಕ್ಕ ಆತ್ಮ ಯಾವುದಿದೆ? ರೆಂಬ್ರಾಂಟ್‌ಗೆ ಇದು ಗೊತ್ತಿರಲಿಕ್ಕೂ ಸಾಕು. ಆದರೆ ದೇವರ ಹತ್ತಿರ ಹೋಗುತ್ತಿರುವ ಆತ್ಮ ಉಚ್ಚೆ ಹೊಯ್ದುಕೊಂಡು ಯಾಕೆ ಅಳಬೇಕು? ಆ ಅಳುವ ಬಾಯಿಯ ಮೇಲೆ ಈ ಅರ್ಥ ಕೂರುವುದಿಲ್ಲ.

ಈ ಸಮಾಧಾನದ ಮಾತು ನಮಗೂ ಹೊಸದಲ್ಲ. ನಮ್ಮ ದೊಡ್ಡಮ್ಮನ ಚಿಕ್ಕ ಮಗ ಮೂರು ವರ್ಷದವನಿದ್ದಾಗ ಜ್ವರ ಬಂದು ತೀರಿಕೊಂಡ. ನಾನಿನ್ನೂ ಹುಟ್ಟಿರಲಿಲ್ಲ. ಆಗ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರಂತೆ: ‘ದೇವರಿಗೆ ಇಷ್ಟ ಆದವರನ್ನ ಬೇಗ ಕರ್ಕೊಂಡುಬಿಡ್ತಾನೆ ಕಣಮ್ಮಾ.’ ಹೇಳಿದವರು ಕೆಟ್ಟವರಲ್ಲ. ಏನು ಹೇಳಬೇಕು ಅಂತ ಗೊತ್ತಾಗದೆ ಹೇಳುವ ಮಾತು ಅದು. ದೊಡ್ಡಮ್ಮ ಆಗ ಸುಮ್ಮನಿದ್ದರಂತೆ. ಎಷ್ಟೋ ವರ್ಷ ಆದ ಮೇಲೆ, ನನ್ನ ಮುಂದೆ ಅವರೆಕಾಳು ಸುಲಿಯುತ್ತಾ, ತಲೆ ಎತ್ತದೆ ಕೇಳಿದರು: ‘ಅವನಿಗೇನು ಮಕ್ಕಳಿಗೆ ಬರ ಬಂದಿತ್ತಾ?’ ಅವರು ದೇವರ ಪೂಜೆ ಬಿಟ್ಟವರಲ್ಲ. ದಿನಾ ದೀಪ ಹಚ್ಚುತ್ತಿದ್ದರು. ಆದರೆ ಆ ಒಂದು ಲೆಕ್ಕದಲ್ಲಿ ದೇವರ ಜೊತೆ ಅವರಿಗೆ ರಾಜಿ ಆಗಲೇ ಇಲ್ಲ. ರೆಂಬ್ರಾಂಟ್‌ನ ಹಾಳೆಯ ಮೂಲೆಯಲ್ಲಿ ಕೈ ಎತ್ತಿದ ಹೆಂಗಸನ್ನು ನೋಡುವಾಗ ನನಗೆ ಈ ಪ್ರಶ್ನೆಯೇ ಕೇಳಿಸುತ್ತದೆ.

ಗ್ರೀಕರಿಗೂ ಇದು ಗೊತ್ತಿತ್ತು. ಟ್ರೋಸ್‌ನ ಕತೆ ಹೇಳಿದ ಜನವೇ ಡಿಮೀಟರ್ ಕತೆಯನ್ನೂ ಹೇಳಿದ್ದಾರೆ. ಡಿಮೀಟರ್ ಬೆಳೆಯ ದೇವತೆ. ಅವಳ ಮಗಳು ಪರ್ಸಿಫೊನಿ ಹೂವು ಕೀಳುತ್ತಿದ್ದಾಗ ನೆಲ ಬಿರಿದು ಪಾತಾಳದ ಹೇಡೀಸ್ ಎಳೆದುಕೊಂಡು ಹೋದ. ಅದಕ್ಕೆ ಝ್ಯೂಸ್‌ನ ಒಪ್ಪಿಗೆಯೂ ಇತ್ತು. ತಾಯಿ ಒಂಬತ್ತು ದಿನ ಅನ್ನ ನೀರು ಬಿಟ್ಟು, ಸ್ನಾನ ಬಿಟ್ಟು, ಪಂಜು ಹಿಡಿದು ಭೂಮಿಯೆಲ್ಲ ಹುಡುಕಿದಳು. ನಿಜ ಹೇಳಿದವನು ಸೂರ್ಯದೇವ ಹೀಲಿಯೊಸ್. ಹೇಳಿ ಸುಮ್ಮನಿರಬಾರದಿತ್ತೇ? ಅಷ್ಟು ಅಳಬೇಡ, ಹೇಡೀಸ್ ಅಳಿಯನಾಗಿ ಕಡಿಮೆಯವನೇನಲ್ಲ ಅಂತ ಬೇರೆ ಸೇರಿಸಿದ. ಅದನ್ನು ಕೇಳಿ ಅವಳ ಸಂಕಟ ಇನ್ನೂ ಹೆಚ್ಚಾಯಿತು. ದೇವಲೋಕ ಬಿಟ್ಟು ಮುದುಕಿಯ ವೇಷದಲ್ಲಿ ಎಲ್ಯೂಸಿಸ್ ಊರಿನ ಬಾವಿಕಟ್ಟೆಯ ಮೇಲೆ ಬಂದು ಕೂತಳು. ಆಮೇಲೆ ಭೂಮಿಯಲ್ಲಿ ಒಂದು ಕಾಳೂ ಮೊಳೆಯದ ಹಾಗೆ ಮಾಡಿದಳು. ಝ್ಯೂಸ್ ದೇವತೆಗಳನ್ನು ಒಬ್ಬೊಬ್ಬರಾಗಿ ಕಳಿಸಿದ. ಒಬ್ಬೊಬ್ಬರೂ ಒಳ್ಳೊಳ್ಳೆ ಉಡುಗೊರೆ ತಂದರು. ಅವಳು ಒಂದನ್ನೂ ಮುಟ್ಟಲಿಲ್ಲ. ಮಗಳನ್ನು ಕಣ್ಣಾರೆ ನೋಡುವ ತನಕ ಮುಟ್ಟುವುದಿಲ್ಲ ಅಂದಳು.

ಒಂದು ಕತೆಯಲ್ಲಿ ಅಪ್ಪ ಕುದುರೆ ತೆಗೆದುಕೊಂಡು ಸುಮ್ಮನಾದ. ಇನ್ನೊಂದರಲ್ಲಿ ಅಮ್ಮ ಉಡುಗೊರೆ ತಳ್ಳಿ ಹಟ ಹಿಡಿದಳು. ಅವಳು ದೇವಿ, ಅವಳ ಹಟ ನಡೆಯಿತು, ವರ್ಷದ ಮೂರು ಪಾಲಿನಲ್ಲಿ ಎರಡು ಪಾಲು ಮಗಳು ವಾಪಸು ಸಿಕ್ಕಳು. ಟ್ರೋಸ್ ಮನುಷ್ಯ. ಅವನ ಕೈಯಲ್ಲಿ ಏನಿತ್ತು? ಹಾಗಾಗಿ ಕುದುರೆ ತೆಗೆದುಕೊಂಡದ್ದಕ್ಕೆ ಅವನನ್ನು ನಾನು ಬೈಯುವುದಿಲ್ಲ. ಕೊಟ್ಟವನ ಮುಂದೆ ಅಳಲು ಅವನಿಗೆ ಧೈರ್ಯ ಸಾಲದೆ ಹೋಗಿರಬಹುದು. ಮನೆಗೆ ಹೋಗಿ ಅತ್ತಿರಬಹುದು. ಅದನ್ನು ಸ್ತೋತ್ರ ಹೇಳುವುದಿಲ್ಲ.

ಇದೇ ಮನೆತನದ ಪ್ರಯಮ್‌ಗೆ ಗ್ರೀಕರ ವೀರ ಅಕಿಲೀಸ್ ಹೇಳಿದ ಸಮಾಧಾನ ನೋಡಿ. ಹೆಕ್ಟರ್‌ನನ್ನು ಕೊಂದವನು ಇವನೇ. ಮೊದಲು ಇಬ್ಬರೂ ಕೂತು ಅಳುತ್ತಾರೆ. ಪ್ರಯಮ್ ಮಗನಿಗಾಗಿ, ಅಕಿಲೀಸ್ ತನ್ನ ಅಪ್ಪನಿಗಾಗಿ, ಸತ್ತ ಗೆಳೆಯನಿಗಾಗಿ. ಆಮೇಲೆ ಅಕಿಲೀಸ್ ಊಟ ಮಾಡು ಅನ್ನುತ್ತಾನೆ. ಆರು ಗಂಡು ಆರು ಹೆಣ್ಣು, ಹನ್ನೆರಡು ಮಕ್ಕಳನ್ನು ದೇವತೆಗಳ ಬಾಣಕ್ಕೆ ಕಳೆದುಕೊಂಡ ನಯೋಬಿ ಕೂಡ, ಅತ್ತು ಅತ್ತು ಸುಸ್ತಾದ ಮೇಲೆ ಊಟ ನೆನೆಸಿಕೊಂಡಳು ಅನ್ನುತ್ತಾನೆ. ದೇವರು ಒಳ್ಳೆಯದಕ್ಕೇ ಮಾಡಿದ ಅನ್ನುವುದಿಲ್ಲ. ಮಗ ಒಳ್ಳೆಯ ಜಾಗದಲ್ಲಿದ್ದಾನೆ ಅನ್ನುವುದಿಲ್ಲ. ಕುರಿ ಕಡಿದು ಬೇಯಿಸಿ ಬಡಿಸುತ್ತಾನೆ, ಅಷ್ಟೇ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಪಕ್ಕದವರು ಅನ್ನ ಸಾರು ಮಾಡಿ ತಂದುಕೊಡುತ್ತಾರಲ್ಲ, ಅವರಿಗೆ ಗೊತ್ತು ಇದು. ದೊಡ್ಡಮ್ಮನಿಗೂ ನೆನಪಿದ್ದದ್ದು ಯಾರು ಏನು ಹೇಳಿದರು ಅನ್ನುವುದಕ್ಕಿಂತ, ಮೂರನೇ ಮನೆಯವರು ಕಲಸಿ ತಂದು ಬಾಯಿಗಿಟ್ಟ ಮೊಸರನ್ನ.

ಹಾಗಂತ, ದೇವರು ಕರೆದುಕೊಂಡ ಅನ್ನುವ ಮಾತನ್ನು ಹೆತ್ತವರು ಯಾರೂ ಬಯಸುವುದೇ ಇಲ್ಲ ಅಂತ ಹೇಳಿಬಿಟ್ಟರೆ ಅದೂ ಸುಳ್ಳು. ರೆಂಬ್ರಾಂಟ್‌ನ ಶಿಷ್ಯ ನಿಕೊಲಾಸ್ ಮಾಸ್ ಮುಂದೆ ಹೆಸರಾಂತ ಭಾವಚಿತ್ರಕಾರನಾದ. 1670ರ ದಶಕ, 1680ರ ಆಸುಪಾಸಿನಲ್ಲಿ ಅವನು ಮಕ್ಕಳನ್ನು ಗ್ಯಾನಿಮೀಡ್ ರೂಪದಲ್ಲಿ ಬರೆದ ಹಲವು ಚಿತ್ರಗಳಿವೆ. ಗಾಳಿಯಲ್ಲಿ ಹಾರುವ ಬಣ್ಣದ ಬಟ್ಟೆ, ಕೆಂಪು ಕೆನ್ನೆ, ಸಾಧುವಾದ ಹದ್ದು, ಹೆದರಿಕೆಯೇ ಇಲ್ಲದ ಮಗು. ಅವುಗಳಲ್ಲಿ ಕೆಲವು ತೀರಿಕೊಂಡ ಮಕ್ಕಳ ಚಿತ್ರಗಳು. ಹೆತ್ತವರೇ ಹೇಳಿ ಬರೆಸಿದ್ದು. ಗುರುವಿನ ಅಳುವ ಮಗು ಮಾಸ್‌ಗೆ ಗೊತ್ತಿರಲಿಲ್ಲ ಅಂತ ನನಗೆ ಅನಿಸುವುದಿಲ್ಲ. ಆದರೆ ಮಗು ಕಳೆದುಕೊಂಡವರು ಮನೆಗೆ ಬಂದು ಕೂತಾಗ ಆ ಚಿತ್ರವನ್ನು ಹೇಗೆ ತೋರಿಸುವುದು? ಅವರಿಗೆ ಬೇಕಾದದ್ದು ಗೋಡೆಯ ಮೇಲೆ ದಿನಾ ನೋಡಬಹುದಾದ ಮುಖ. ನಗುತ್ತಾ ಹೋಯಿತು ಅಂತ ನಂಬಲಿಕ್ಕೆ ಒಂದು ಆಸರೆ.

ಮೊದಲೆಲ್ಲ ಮಾಸ್‌ನ ಈ ಚಿತ್ರಗಳನ್ನು ನಾನು ಬೇಗ ದಾಟಿಕೊಂಡು ಹೋಗುತ್ತಿದ್ದೆ. ಈಗ ನಿಲ್ಲುತ್ತೇನೆ. ತಾಯಿ ತನಗೆ ತಾನೇ ಹೇಳಿಕೊಳ್ಳುವ ಮಾತಿಗೂ ಬೇರೆಯವರು ಅವಳಿಗೆ ಹೇಳುವ ಮಾತಿಗೂ ತುಂಬ ವ್ಯತ್ಯಾಸ ಇದೆ. ಶಬ್ದ ಒಂದೇ ಇದ್ದರೂ ಅಷ್ಟೇ. ಅವಳು ಹೇಳಿಕೊಂಡರೆ ಅದು ಅವಳ ಹಕ್ಕು. ಅವಳು ಕೇಳದೆ ನಾವು ಹೇಳಿದರೆ,ಅದು ಹರ್ಮೀಸ್ ಕುದುರೆ ತಂದ ಹಾಗೆ, ಇನ್ನು ಅಳು ಸಾಕು ಅನ್ನುವ ಸೂಚನೆ.

ರೇಖಾಚಿತ್ರದಲ್ಲಿದ್ದ ಅಪ್ಪ ಅಮ್ಮ ದೊಡ್ಡ ವರ್ಣಚಿತ್ರಕ್ಕೆ ಬರಲಿಲ್ಲ. ರೆಂಬ್ರಾಂಟ್ ಅವರನ್ನು ಬಿಟ್ಟ. ಕೆಳಗೆ ಕತ್ತಲು, ಮೂಲೆಯಲ್ಲಿ ಮಬ್ಬಾಗಿ ಊರಿನ ಗುರುತು. ಬಿಟ್ಟದ್ದು ಯಾಕೆ ಅಂತ ತುಂಬ ಯೋಚಿಸಿದ್ದೇನೆ. ಕೆಳಗೆ ಅಪ್ಪ ಅಮ್ಮ ನಿಂತಿದ್ದರೆ ಮಗು ಅವರ ಕಡೆ ತಿರುಗಿ ಅಳುತ್ತಿತ್ತು. ನಾವು ಪಕ್ಕದಲ್ಲಿ ನಿಂತು ನೋಡುವವರಾಗುತ್ತಿದ್ದೆವು. ಅವರು ಇಲ್ಲದ್ದರಿಂದ ಮಗು ನಮ್ಮ ಕಡೆ ನೋಡಿ ಅಳುತ್ತಿದೆ. ಆ ಕ್ಯಾನ್ವಾಸಿಗೆ ಅದು ಸರಿಯಾದ ತೀರ್ಮಾನ ಅಂತ ಒಪ್ಪುತ್ತೇನೆ. ಆದರೂ ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಚಿಕ್ಕ ಹಾಳೆಯನ್ನೇ ಆರಿಸುತ್ತೇನೆ. ವರ್ಣಚಿತ್ರದಲ್ಲಿ ಮಗುವಿನ ಭಯ ಪೂರ್ತಿ ಇದೆ. ಆದರೆ ಮಗು ಹೋದ ಮೇಲೂ ನೆಲದ ಮೇಲೆ ಉಳಿಯಬೇಕಾದವರು ಇರುವುದು ಹಾಳೆಯಲ್ಲಿ ಮಾತ್ರ.

ಅದೇ 1635ರಲ್ಲಿ ಅವನು ಇನ್ನೊಬ್ಬ ಅಪ್ಪನನ್ನೂ ಬರೆದ. ಗ್ರೀಕರದಲ್ಲ, ಬೈಬಲ್ಲಿನ ಅಬ್ರಹಾಮ, ದೇವರು ಕೇಳಿದ ಅಂತ ಮಗನನ್ನೇ ಬಲಿ ಕೊಡಲು ಹೊರಟವನು. ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್‌ನಲ್ಲಿರುವ ಆ ವರ್ಣಚಿತ್ರದಲ್ಲಿ ಅಬ್ರಹಾಮ ತನ್ನ ದೊಡ್ಡ ಅಂಗೈಯನ್ನು ಮಗನ ಮುಖದ ಮೇಲೆ ಇಟ್ಟು ಒತ್ತಿದ್ದಾನೆ. ಮುಖ ಪೂರ್ತಿ ಮುಚ್ಚಿಹೋಗಿದೆ. ದೇವದೂತ ಕೈ ಹಿಡಿದ ರಭಸಕ್ಕೆ ಚಾಕು ಗಾಳಿಯಲ್ಲೇ ಬೀಳುತ್ತಿದೆ. ಇಪ್ಪತ್ತು ವರ್ಷ ಆದ ಮೇಲೆ, 1655ರಲ್ಲಿ, ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕುವ ಎಚ್ಚಿಂಗ್‌ನಲ್ಲಿ ಅದೇ ಕತೆಯನ್ನು ಮತ್ತೆ ಬರೆದ. ಈ ಸಲ ಹುಡುಗ ಅಪ್ಪನ ಪಕ್ಕ ಮಂಡಿಯೂರಿದ್ದಾನೆ. ಅಪ್ಪ ಅವನ ತಲೆಯನ್ನು ತನ್ನ ಮೈಗೆ ಒತ್ತಿ ಹಿಡಿದು, ಕಣ್ಣು ಮಾತ್ರ ಮುಚ್ಚಿದ್ದಾನೆ. ದೇವದೂತ ಹಿಂದಿನಿಂದ ಬಂದು ಅಪ್ಪನನ್ನೇ ತಬ್ಬಿ ಹಿಡಿದಿದ್ದಾನೆ. ಈ ನಡುವೆ ಅವನು ಕಳೆದುಕೊಂಡವರನ್ನು ಆಗಲೇ ಹೇಳಿದೆ. ಅದರಿಂದಲೇ ಹೀಗಾಯಿತು ಅಂತ ಗೆರೆ ಎಳೆದು ತೋರಿಸಲು ಬರುವುದಿಲ್ಲ. ಆದರೆ ಎರಡು ಕೈಗಳನ್ನೂ ಪಕ್ಕ ಪಕ್ಕ ಇಟ್ಟು ನೋಡದೆ ಇರಲಿಕ್ಕೂ ಆಗುವುದಿಲ್ಲ. ಉಳಿದಿದ್ದ ಮಗ ಟಿಟುಸ್ ಕೂಡ 1668ರಲ್ಲಿ, ಮದುವೆಯಾದ ವರ್ಷವೇ, ತೀರಿಕೊಂಡ. ಮರುವರ್ಷ ಅಕ್ಟೋಬರ್‌ನಲ್ಲಿ ಅಪ್ಪ.

ಡ್ರೆಸ್ಡೆನ್‌ಗೆ ಹೋಗುವ ಕನ್ನಡಿಗರು ಈಗ ಬೇಕಾದಷ್ಟು ಜನ ಇದ್ದಾರೆ, ಅಲ್ಲಿ ಓದುವವರು, ಕಂಪ್ಯೂಟರ್ ಚಿಪ್ ಕಂಪನಿಗಳಲ್ಲಿ ಕೆಲಸ ಮಾಡುವವರು. ಹೋದರೆ ಎರಡನ್ನೂ ಕೇಳಿ ನೋಡಿ. ವರ್ಣಚಿತ್ರ ಇರುವುದು ಝ್ವಿಂಗರ್ ಅರಮನೆಯ ಹಳೇ ಕಲಾವಿದರ ಗ್ಯಾಲರಿಯಲ್ಲಿ. ರೇಖಾಚಿತ್ರ ಇರುವುದು ಅಲ್ಲೇ ಹತ್ತಿರದ ರೆಸಿಡೆನ್ಸ್ ಅರಮನೆಯಲ್ಲಿರುವ ಕುಪ್‌ಫರ್‌ಶ್ಟಿಷ್ ಕ್ಯಾಬಿನೆಟ್‌ನಲ್ಲಿ, ಅಂದರೆ ಕಾಗದದ ಮೇಲಿನ ಚಿತ್ರಗಳ ಸಂಗ್ರಹದಲ್ಲಿ. ಕಾಗದ, ಮಸಿ ಬೆಳಕಿಗೆ ಮಾಸುವುದರಿಂದ ಅಂಥ ಹಾಳೆಗಳನ್ನು ಸದಾ ಗೋಡೆಗೆ ಹಾಕಿರುವುದಿಲ್ಲ. ಆ ಸಂಗ್ರಹಕ್ಕೆ ಒಂದು ಅಧ್ಯಯನ ಕೊಠಡಿ ಇದೆ, ಮೊದಲೇ ಬರೆದು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.